ಗಾಜಿನ ಕೆಳಗಿನ ಹಾಳೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಬಾರದು, ಅವರವರ ಬಾಯಿಂದಲೇ ಕೇಳಬೇಕು ಎನ್ನುವುದು ನಮ್ಮ ಸ್ಟೇಷನ್ನಿಗೆ ಅವರೇ ತಂದ ಕಾನೂನು. ಸ್ಟೇಷನ್ ಎಂದರೆ ಪೊಲೀಸರದ್ದಲ್ಲ. ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ತಂತಿಬೇಲಿಯೊಳಗೆ ಎರಡು ಟ್ರಾನ್ಸ್‌ಫಾರ್ಮರ್‌ಗಳು ಗುಂಯ್‌ಗುಡುತ್ತಾ ನಿಂತಿರುವ ವಿದ್ಯುತ್ ಸಬ್‌ಸ್ಟೇಷನ್. ಸುತ್ತಲಿನ ಹಳ್ಳಿಗಳಿಗೆ ಹೋಗುವ ಐದು ಲೈನುಗಳಿಗೆ ಕರೆಂಟ್ ಕೊಡುವುದು, ತೆಗೆಯುವುದು ಅಲ್ಲಿಂದಲೇ. ನಾನು ಅಲ್ಲಿ ಆಪರೇಟರ್. ಅವರೂ ಆಪರೇಟರ್ ಆಗಿದ್ದರು. ಕಳೆದ ಆಷಾಢದಲ್ಲಿ ತೀರಿಕೊಂಡರು.

ಕುಳ್ಳಗಿನ ಆಳು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್. ಕಿವಿಯ ಮೇಲೆ ಕೆಂಪು ಪೆನ್ನು. ಫೋನ್ ಎರಡನೇ ಸಲ ಬಡಿದುಕೊಳ್ಳುವ ಮೊದಲೇ ಎತ್ತಿರುತ್ತಿದ್ದರು. ಕಂಟ್ರೋಲ್ ರೂಮಿನೊಳಗೆ ಚಪ್ಪಲಿ ಹಾಕಿ ಬಂದವರಲ್ಲ, ಪ್ಯಾನೆಲ್ ಬೋರ್ಡಿಗೆ ಬೆನ್ನು ಹಾಕಿ ನಿಂತವರಲ್ಲ. ಅವಲಕ್ಕಿ ತಿನ್ನುವಾಗಲೂ ಅದರ ದೀಪಗಳ ಕಡೆ ಮುಖ ಮಾಡಿಯೇ ತಿನ್ನುತ್ತಿದ್ದರು. ನಮ್ಮ ಜೊತೆ ಎಲ್ಲರಂತೆ ಮಾತಾಡುತ್ತಿದ್ದವರು ಮನೆಯಿಂದ ಹೆಂಡತಿಯ ಫೋನ್ ಬಂದರೆ ಮಾತ್ರ ದನಿ ಸಣ್ಣ ಮಾಡಿ, 'ಇವತ್ತು ತಡ ಇದ್ದು, ಬತ್ತೆ' ಎಂದು ತಮ್ಮ ಮನೆಮಾತಿಗೆ ಹೊರಳುತ್ತಿದ್ದರು. ಆ ಎರಡು ಮಾತನ್ನು ಅನುಕರಿಸಿ ನಾವು ಹಿಂದಿನಿಂದ ನಗುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು.

ಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಉಳಿದವರು ಪಾಳಿಗೆ ಗಂಟೆಗೆ ಸರಿಯಾಗಿ ಬಂದರೆ ಇವರು ಹತ್ತು ನಿಮಿಷ ಮುಂಚೆ ಬಂದು, ಹಿಂದಿನ ಪಾಳಿಯವರು ಬರೆದದ್ದರ ಮೇಲೆ ಬೆರಳಿಟ್ಟು ಓದುತ್ತಿದ್ದರು. ನನ್ನ ಹುಳುಕು ಹುಡುಕುವುದಕ್ಕೇ ಬರುತ್ತಾರೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಆ ಹತ್ತು ನಿಮಿಷ ಇಲ್ಲದಿದ್ದರೆ ಇವತ್ತು ಒಬ್ಬ ಮನುಷ್ಯ ಬದುಕಿರುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಎಂದು ಒಂದಿದೆ. ಕಂಬ ಹತ್ತುವ ಲೈನ್‌ಮನ್ ನಮಗೆ ಫೋನ್ ಮಾಡಿ ಕರೆಂಟ್ ತೆಗೆಸುತ್ತಾನೆ. ನಾವು ತೆಗೆದು, ಸ್ವಿಚ್ಚಿಗೆ 'ಲೈನಿನಲ್ಲಿ ಜನರಿದ್ದಾರೆ' ಎಂಬ ಕೆಂಪು ಹಲಗೆ ನೇತುಹಾಕಿ, ಅವನಿಗೊಂದು ನಂಬರ್ ಕೊಡುತ್ತೇವೆ. ಕೆಲಸ ಮುಗಿದ ಮೇಲೆ ತೆಗೆಸಿಕೊಂಡವನೇ ಆ ನಂಬರ್ ಹೇಳಿ ವಾಪಸ್ ಮಾಡಬೇಕು. ಇದು ಪುಸ್ತಕದ ಮಾತು. ಆದರೆ ನಮ್ಮ ಕಡೆ ಕಂಬ ಇರುವುದು ಕಣಿವೆಯಲ್ಲಿ, ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ತಲೆಯಲ್ಲಿ. ಹಾಗಾಗಿ ಒಬ್ಬ ಕಂಬ ಹತ್ತುತ್ತಾನೆ, ಇನ್ನೊಬ್ಬ ಗುಡ್ಡದ ಮೇಲೆ ನಿಂತು, ಅವನು ಇಳಿದದ್ದನ್ನು ಕಣ್ಣಲ್ಲಿ ನೋಡಿ ನಮಗೆ ಫೋನ್ ಮಾಡುತ್ತಾನೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನೂ ಎಷ್ಟೋ ಸಲ ಹಾಗೇ ವಾಪಸ್ ತೆಗೆದುಕೊಂಡಿದ್ದೆ.

ಅವತ್ತು ಮೂರನೇ ಲೈನಿನ ಮೇಲೆ ಕೊಂಬೆ ಬಿದ್ದಿತ್ತು. ಕಂಬ ಹತ್ತಿದವನು ಷಣ್ಮುಖ, ಮದುವೆಯಾಗಿ ಇನ್ನೂ ವರ್ಷ ತುಂಬದ ಲೈನ್‌ಮನ್. ಗುಡ್ಡದ ಮೇಲೆ ನಿಂತವನು ಅವನ ಜೊತೆಗಾರ ತಿಮ್ಮಪ್ಪ. ನನ್ನ ಪಾಳಿ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ಎರಡಕ್ಕೆ ಹತ್ತು ನಿಮಿಷವಿದ್ದಾಗ ತಿಮ್ಮಪ್ಪನ ಫೋನು.

'ಆಯ್ತಕ್ಕ. ಷಣ್ಮುಖ ಇಳ್ದ. ಲೈನ್ ಕೊಡಿ.'

ನಂಬರ್ ಸರಿಯಾಗಿತ್ತು. ಹಲಗೆ ತೆಗೆದೆ. ಸ್ವಿಚ್ ತಿರುಗಿಸಿದೆ. ಲೈನಿಗೆ ಕರೆಂಟ್ ಏರಿದ ಗುರುತಿಗೆ ಕೆಂಪು ದೀಪ ಹತ್ತಿತು. ಹತ್ತಿದ್ದೇ ತಡ, ಗಂಟೆ ಹೊಡೆದುಕೊಂಡು ಹಸಿರಿಗೆ ಹೋಯಿತು. ಲೈನ್ ನಿಲ್ಲದೆ ಬಿದ್ದಿತ್ತು, ಎಂದರೆ ಕರೆಂಟ್ ತಾನಾಗಿಯೇ ಆಫ್ ಆಗಿತ್ತು.

ಮಳೆಗಾಲದಲ್ಲಿ ಹೀಗಾದರೆ ಆಪರೇಟರುಗಳು ಯಾರೂ ಗಾಬರಿ ಬೀಳುವುದಿಲ್ಲ. ಎಲ್ಲೋ ಒಂದು ಹಸಿ ಕಡ್ಡಿ ತಂತಿಗೆ ತಾಗಿಕೊಂಡಿರುತ್ತದೆ. ಇನ್ನೊಂದು ಸಲ ಕೊಟ್ಟರೆ ಕಡ್ಡಿ ಸುಟ್ಟು ಉದುರುತ್ತದೆ, ಲೈನ್ ನಿಲ್ಲುತ್ತದೆ. ಪುಸ್ತಕದಲ್ಲಿ ಇಲ್ಲದ ಈ ವಿದ್ಯೆ ನಮ್ಮೆಲ್ಲರ ಕೈಗೂ ಗೊತ್ತು. ನನ್ನ ಕೈಯೂ ಹೋಯಿತು. ಗಂಟೆ ನಿಲ್ಲಿಸಿ ಸ್ವಿಚ್ ಹಿಡಿದೆ. ಇನ್ನೇನು ತಿರುಗಿಸಬೇಕು.

'ತಡಿ!'

ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದಿದ್ದರು. ಕಾಲಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ನೀರು ಸುರಿಯುವ ಛತ್ರಿ.

'ಯಾರ ಬಾಯಲ್ಲಿ ವಾಪಸ್ ತಗಂಡೆ?'

'ತಿಮ್ಮಪ್ಪ ಸರ್.'

'ಷಣ್ಮುಖ ಎಲ್ಲಿ?'

'ಇಳ್ದಿದ್ದಾನಂತೆ.'

'ಅವ್ನು ಹೇಳಿದ್ನಾ?'

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವರೇ ಎತ್ತಿದರು. ತಿಮ್ಮಪ್ಪನ ಕಿರುಚಾಟ ನನಗೂ ಕೇಳುತ್ತಿತ್ತು. ಷಣ್ಮುಖ ಇಳಿದದ್ದು ನಿಜ. ತಿಮ್ಮಪ್ಪ ನೋಡಿದ್ದೂ ನಿಜ. ತಿಮ್ಮಪ್ಪ ತಿರುಗಿ ನಂಬರ್ ಒತ್ತುವ ಹೊತ್ತಿಗೆ ಷಣ್ಮುಖನಿಗೆ ಕಟಿಂಗ್ ಪ್ಲೇಯರ್ ಮೇಲೆಯೇ ಬಿಟ್ಟು ಬಂದದ್ದು ನೆನಪಾಗಿತ್ತು. ತರಲು ಮತ್ತೆ ಹತ್ತಿದ್ದವನಿಗೆ ನಾನು ಕೊಟ್ಟ ಕರೆಂಟ್ ಹೊಡೆದಿತ್ತು. ಬೆಲ್ಟಿನಲ್ಲಿ ಜೋತುಬಿದ್ದವನನ್ನು ಇಳಿಸುವವರೆಗೂ ಅವರು ನನ್ನ ಮಣಿಕಟ್ಟು ಬಿಡಲಿಲ್ಲ. ಆಮೇಲೆ ನೋಡಿದರೆ ಐದು ಬೆರಳೂ ಮೂಡಿದ್ದವು.

ಷಣ್ಮುಖ ಉಳಿದ. ಅವನ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಎರಡನೇ ಸಲ ಕೊಟ್ಟಿದ್ದರೆ ಜೀವವೇ ಹೋಗುತ್ತಿತ್ತು, ದೇವರು ದೊಡ್ಡವನು ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ಆ ಸಮಾಧಾನವೇ ನನ್ನನ್ನು ಕೊಂದದ್ದು. ಷಣ್ಮುಖ ಕಂಬದಲ್ಲಿ ಜೋತಾಡಿದ್ದನ್ನು ನಾನು ಕಂಡವಳಲ್ಲ. ನನ್ನ ಕಣ್ಣಿಗೆ ಬರುತ್ತಿದ್ದದ್ದು ನನ್ನದೇ ಕೈ, ಎರಡನೇ ಸಲ ಸ್ವಿಚ್ಚಿನ ಕಡೆ ಹೋಗುತ್ತಿರುವ ಕೈ. ಅನ್ನ ಕಲಸುವಾಗ ಬರುತ್ತಿತ್ತು, ತಲೆ ಬಾಚುವಾಗ ಬರುತ್ತಿತ್ತು. ಮನೆಯಲ್ಲಿ ಮಿಕ್ಸಿಯ ಸ್ವಿಚ್ ಒತ್ತಲಾಗದೆ ಅಮ್ಮನನ್ನು ಕೂಗುತ್ತಿದ್ದೆ. ಅಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಎಲ್ಲಿ ಫೋನ್ ಬಡಿದುಕೊಂಡರೂ ಬಲಗೈ ತಣ್ಣಗಾಗುತ್ತಿತ್ತು.

ವಿಚಾರಣೆ ನಡೆಯಿತು. ಮೇಲಿನವರು ಎಚ್ಚರಿಕೆ ಕೊಟ್ಟು ಅವರ ಪಾಳಿಗೇ ನನ್ನನ್ನು ಹಾಕಿದರು. 'ಮೂರು ತಿಂಗ್ಳು ನೋಡೋಣ. ಅಷ್ಟರೊಳಗೆ ಒಬ್ಬಳೇ ಲೈನ್ ಕೊಡೋ ಹಾಗೆ ಆಗದಿದ್ರೆ ರಾಜೀನಾಮೆ ಬರೆದು ಕೊಟ್ಟುಬಿಡಮ್ಮ' ಎಂದರು. ನಮ್ಮಜ್ಜ ಬೇರೆಯವರ ಗದ್ದೆ ಗೇಣಿಗೆ ಮಾಡಿದವರು, ಅಪ್ಪ ಅದೇ ಗದ್ದೆಗೆ ಒಡೆಯರಾದವರು. ಸರ್ಕಾರಿ ಕೆಲಸಕ್ಕೆ ಸೇರಿದವಳು ನಮ್ಮ ಮನೆತನದಲ್ಲಿ ನಾನೇ ಮೊದಲು. ಬರೆದು ಕೊಟ್ಟು ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಅವರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಘಟನೆಯ ಮರುದಿನವೇ ಕರಿಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದರು: ಲೈನಿಗೆ ಹೋದವರೆಲ್ಲರೂ ಇಳಿದು, ಫೋನಿಗೆ ಬಂದು, ತಮ್ಮ ಹೆಸರನ್ನು ತಾವೇ ಹೇಳಬೇಕು. ಅಂದರೆ ಕೆಲಸ ಮುಗಿಸಿ ಸುಸ್ತಾದವರು ಎಲ್ಲರೂ ಗುಡ್ಡ ಹತ್ತಬೇಕು. ಲೈನ್‌ಮನ್‌ಗಳು ಬೈದುಕೊಂಡರು, ಅವರಿಗೆ ಹಾಜರಿ ಮೇಷ್ಟ್ರು ಎಂದು ಹೆಸರಿಟ್ಟರು. ಹತ್ತು ನಿಮಿಷ ತಡವಾಗುತ್ತದೆ ಎಂದು ಮೇಲಿನವರು ಗೊಣಗಿದರು. 'ಆಗ್ಲಿ ಸ್ವಾಮಿ. ಊರೋರು ಹತ್ತು ನಿಮಿಷ ಚಿಮಣಿ ಹಚ್ಕಳ್ಲಿ' ಎಂದು ಫೋನ್ ಇಟ್ಟರು.

ಆ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ನಮಗೆಲ್ಲ ಒತ್ತಡ ನಿರ್ವಹಣೆಯ ಶಿಬಿರ ಎಂದು ಅರ್ಧ ದಿನ ಕೂರಿಸಿದರು. ಒಬ್ಬರು ಮೇಡಂ ಬಂದು ಮೆಲ್ಲಗೆ, ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಒಂದು ಜೆರಾಕ್ಸ್ ಹಾಳೆ ಹಂಚಿದರು: 'ಮನಸ್ಸಿನ ಗಾಯ ಮಾಯಲು ಹತ್ತು ಸ್ವಸಹಾಯ ಸಾಧನಗಳು.' ನಾನು ಅದರಲ್ಲಿ ಅಲ್ಲಿ ಕೊಟ್ಟ ಪಕೋಡ ಕಟ್ಟಿಕೊಂಡು ಬಂದೆ. ಮರುದಿನ ಸ್ಟೇಷನ್ನಿನಲ್ಲಿ ಪೊಟ್ಟಣ ಬಿಚ್ಚಿದಾಗ ಅವರು ಪಕೋಡ ಪಕ್ಕಕ್ಕಿಟ್ಟು ಹಾಳೆ ಎತ್ತಿಕೊಂಡರು. ಕನ್ನಡಕ ಹಾಕಿಕೊಂಡು, ಹೊಸ ಯಂತ್ರದ ಜೊತೆ ಬರುವ ಕೈಪಿಡಿಯನ್ನು ಓದುವ ಹಾಗೆ, ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

'ಹತ್ತು ಟೂಲಾ? ನಮ್ಮ ಟೂಲ್ ಪೆಟ್ಟಿಗೇಲೂ ಹತ್ತಿದಾವೆ, ಒಂಬತ್ತಕ್ಕೆ ತುಕ್ಕು ಹಿಡ್ದಿದೆ. ಇದ್ರಲ್ಲಿ ಯಾವ್ದು ಕೆಲ್ಸ ಮಾಡ್ತದೆ ನೋಡಾಣ.'

ಎಣ್ಣೆ ಹೀರಿದ ಆ ಹಾಳೆ ಮೇಜಿನ ಗಾಜಿನ ಕೆಳಗೆ ಹೋಯಿತು. ಅದರ ಮೇಲೆ ಅವರ ಕೆಂಪು ಪೆನ್ನು ಆಡತೊಡಗಿತು. ಒಂದೊಂದನ್ನೂ ಮೊದಲು ತಾವು ಮಾಡಿ ನೋಡುತ್ತಿದ್ದರು, ಆಮೇಲೆ ನನಗೆ. ಕೆಲಸ ಮಾಡಿದರೆ ಟಿಕ್, ಮಾಡದಿದ್ದರೆ ಅಡ್ಡಗೀಟು. ಮೊದಲನೆಯದೇ 'ಶಾಂತ ಸಮುದ್ರತೀರದಲ್ಲಿ ಇರುವಂತೆ ಕಲ್ಪಿಸಿಕೊಳ್ಳಿ' ಎಂದಿತ್ತು. ಕಣ್ಣುಮುಚ್ಚಿ ಎರಡು ನಿಮಿಷ ಕೂತು, ಮುಖ ಕಿವಿಚಿ ಎದ್ದರು. 'ಸಮುದ್ರ ನಾ ನೋಡಿದ್ದೇ ಎರಡು ಸಲ ಮಾರಾಯ್ತಿ. ಎರಡು ಸಲಾನೂ ಘಟ್ಟ ಇಳಿವಾಗ ವಾಂತಿ ಆಗಿದೆ. ಇದು ನಮ್ಗಲ್ಲ.' ಅಡ್ಡಗೀಟು ಬಿತ್ತು. ಘಟನೆಯಾದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು.

ಉಸಿರಿನದ್ದು ಎರಡನೆಯದು. ನಾಲ್ಕು ಎಣಿಸಿ ಒಳಗೆ, ನಾಲ್ಕು ಎಣಿಸಿ ಹಿಡಿಯಿರಿ ಎಂದಿತ್ತು. ಹಿಡಿದರೆ ನನಗೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವರು ಅದನ್ನು ತಿದ್ದಿದರು. 'ಊದುಗೊಳವೇಲಿ ಒಲೆ ಊದಿದೀಯಲ್ಲ? ಹಾಂಗೆ. ಒಳಗೆ ತಗಳದು ಸ್ವಲ್ಪ, ಊದದು ಉದ್ದಕ್ಕೆ.' ಅದು ಆಯಿತು. ಕಾಣುವ ಐದು ವಸ್ತುಗಳ ಹೆಸರು ಹೇಳಿ ಎಂಬುದನ್ನು, ಮೀಟರುಗಳ ಅಂಕಿಯನ್ನು ಗಟ್ಟಿಯಾಗಿ ಓದು ಎಂದು ಬದಲಾಯಿಸಿದರು. ಕೈ ಸ್ವಿಚ್ಚಿನ ಕಡೆ ಹೋಗುವ ಚಿತ್ರ ಬಂದಾಗಲೆಲ್ಲ ನಾನು ಎದ್ದು ಒಂದನೇ ಮೀಟರಿನಿಂದ ಓದಲು ಶುರುಮಾಡುತ್ತಿದ್ದೆ. ಕೊನೆಯ ಮೀಟರಿಗೆ ಬರುವಷ್ಟರಲ್ಲಿ ನಾನು ಇವತ್ತಿನ ದಿನಕ್ಕೆ ಬಂದಿರುತ್ತಿದ್ದೆ.

ಮೂರನೆಯದಕ್ಕೆ ನಾವಿಬ್ಬರೂ ಜಗಳಾಡಿದೆವು. ನಡೆದದ್ದನ್ನು ಬರೆಯಿರಿ ಎಂದಿತ್ತು. 'ನಾನು ಪಾಪಿ, ಒಬ್ಬನ ಕೈ ತಿಂದೆ' ಎಂದು ಶುರುಮಾಡಿ ಎರಡು ಪುಟ ಬರೆದೆ. ಅವರು ಮೊದಲ ಸಾಲಿಗೇ ಕೆಂಪು ಗೀಟೆಳೆದರು.

'ಪಾಪಿ ಅಂತ ಯಾವ ಮೀಟರ್ ತೋರಿಸ್ತು ನಿಂಗೆ? ಕಣ್ಣು ಕಂಡಿದ್ದು, ಕಿವಿ ಕೇಳಿದ್ದು, ಕೈ ಮಾಡಿದ್ದು. ಪಾಳಿ ಪುಸ್ತಕದಲ್ಲಿ ಬರಿಯೋ ಹಾಂಗೆ ಬರಿ.'

ಮತ್ತೆ ಬರೆದೆ. ಈ ಸಲ 'ತಿಮ್ಮಪ್ಪ ತಪ್ಪು ಹೇಳಿದ' ಎಂಬುದಕ್ಕೆ ಗೀಟು. ಮೂರನೇ ಸಲ ಬರೆದು ಮುಂದಿಟ್ಟಾಗ, ಓದಿ, ನಡುವೆ ಜಾಗ ಮಾಡಿ ತಾವೇ ಒಂದು ಸಾಲು ಸೇರಿಸಿದರು: 'ಷಣ್ಮುಖನಿಗೆ ಫೋನ್ ಕೊಡು ಎಂದು ನಾನು ಕೇಳಲಿಲ್ಲ.'

ನನಗೆ ಮೈಯೆಲ್ಲ ಉರಿದುಹೋಯಿತು. 'ಇಷ್ಟು ದಿನ ಇದನ್ನೇ ಹೇಳ್ಬೇಕು ಅಂತಿದ್ರಾ? ನಿಮಗೆ ಕರುಣೆ ಅನ್ನೋದು ಇಲ್ವಾ?' ಎಂದೆ.

'ಮಾಡಿದ್ದೂ ಇರ್ಲಿ, ಮಾಡದೆ ಇದ್ದಿದ್ದೂ ಇರ್ಲಿ. ಕಡಿಮೆ ಬರೆದ್ರೂ ಸುಳ್ಳು, ಜಾಸ್ತಿ ಬರೆದ್ರೂ ಸುಳ್ಳು. ಸುಳ್ಳು ಬರೆದ್ರೆ ವಾಸಿ ಆಗದಿಲ್ಲ ತಂಗಿ.' ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. 'ಇದನ್ನ ಗಟ್ಟಿಯಾಗಿ ಓದು.'

ಎರಡನೇ ಸಲ ಕೈ ಹೋಯಿತು, ಹಿಡಿದರು, ಕೊಡಲಿಲ್ಲ ಎಂದಿತ್ತು. ಓದಿದೆ. 'ಕೊನೇ ಮಾತು ಇನ್ನೊಂದ್ಸಲ.' 'ಕೊಡಲಿಲ್ಲ.' 'ಇನ್ನೊಂದ್ಸಲ.' 'ಕೊಡಲಿಲ್ಲ.' ಅವರು ಮುಖ ಆಚೆ ತಿರುಗಿಸಿದ್ದರು. ನನ್ನ ಅಳು ನೋಡಬಾರದೆಂದು ತಿರುಗಿಸಿದರು ಎಂದುಕೊಂಡೆ.

ದಿನಾ ಪಾಳಿಯ ಶುರುವಿನಲ್ಲಿ ಅದನ್ನು ಓದಬೇಕು. ಮೊದಲ ದಿನಗಳಲ್ಲಿ ಅರ್ಧಕ್ಕೆ ನಿಲ್ಲುತ್ತಿದ್ದೆ, ಬಚ್ಚಲಿಗೆ ಓಡುತ್ತಿದ್ದೆ. ಹನ್ನೆರಡನೇ ದಿನ ಓದುತ್ತಾ ಓದುತ್ತಾ ಆಕಳಿಸಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು, ಗಾಜು ಎತ್ತಿ ಮೂರನೆಯದಕ್ಕೆ ದೊಡ್ಡದೊಂದು ಟಿಕ್ ಹಾಕಿದರು.

ಕೊನೆಯದು, ಹತ್ತನೆಯದು, ಇದರಲ್ಲಿ ಯಾವುದೂ ಸಾಲದಿದ್ದರೆ ತಜ್ಞರನ್ನು ಕಾಣಿ ಎಂಬುದು. ನನಗಿನ್ನೂ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಶಿವಮೊಗ್ಗದ ಮನಸ್ಸಿನ ಡಾಕ್ಟರ ಹತ್ತಿರ ಹೋಗು ಎಂದಾಗ ನನಗೇನು ಹುಚ್ಚಾ ಎಂದು ರೇಗಿದೆ. 'ಟ್ರಾನ್ಸ್‌ಫಾರ್ಮರ್ ಒಳಗೆ ಕೆಟ್ರೆ ಸ್ಕ್ರೂಡ್ರೈವರ್ ಹಿಡ್ಕಂಡು ನಾವೇ ಬಿಚ್ತೀವಾ? ಗೊತ್ತಿದ್ದೋರನ್ನ ಕರಿತೀವಲ್ಲ' ಎಂದರು. ಹೋದೆ. ಕೆಲವು ತಿಂಗಳು ಮಾತ್ರೆಯನ್ನೂ ನುಂಗಿದೆ. ಅದರಿಂದ ಉಪಕಾರವೇ ಆಯಿತು.

ಹಾಳೆಯಲ್ಲಿ ಒಂಬತ್ತನೆಯದಕ್ಕೆ ಮಾತ್ರ ಟಿಕ್ಕೂ ಇರಲಿಲ್ಲ, ಗೀಟೂ ಇರಲಿಲ್ಲ. 'ಘಟನೆಯಲ್ಲಿ ನೊಂದವರನ್ನು, ಅವರಿಗೆ ಒಪ್ಪಿಗೆಯಿದ್ದರೆ, ಕಂಡು ಮಾತಾಡಿ.' ಅದರ ಬಗ್ಗೆ ಕೇಳಿದರೆ ಅವರು ಟಾರ್ಚ್ ಹಿಡಿದು ಟ್ರಾನ್ಸ್‌ಫಾರ್ಮರಿನ ಎಣ್ಣೆ ಮಟ್ಟ ನೋಡಲು ಹೊರಗೆ ಹೋಗಿಬಿಡುತ್ತಿದ್ದರು. ಹಾಡುಹಗಲಲ್ಲಿ ಟಾರ್ಚ್ ಏಕೆ ಎಂದು ನಾನೂ ಕೇಳಲಿಲ್ಲ.

ಸ್ವಿಚ್ಚಿಗೆ ನಾನು ಮತ್ತೆ ಕೈ ಹಚ್ಚಿದ್ದು ಮೆಟ್ಟಿಲು ಮೆಟ್ಟಿಲಾಗಿ. ಒಂದು ವಾರ ಬರೀ ಎದುರು ನಿಂತೆ. ಒಂದು ವಾರ ಒರೆಸುವ ಬಟ್ಟೆಯಿಂದ ಮುಟ್ಟಿದೆ. ಮೂರು ತಿಂಗಳ ಗಡುವಿಗೆ ಆರು ದಿನ ಇದ್ದಾಗ ಮೂರನೇ ಲೈನೇ ಬಿತ್ತು. ಅವರು ಕೈಕಟ್ಟಿ ಹಿಂದೆ ನಿಂತರು.

'ನೀನೇ ಕೊಡದು.'

ಸರಿಮಾಡಲು ಹೋಗಿದ್ದ ಮೂವರೂ ಫೋನಿನಲ್ಲಿ ಒಬ್ಬೊಬ್ಬರಾಗಿ ಬಂದರು. ನಾನು ಇಂಥವನು, ಇಳಿದಿದ್ದೀನಿ. ನಾನು ಇಂಥವನು, ಇಳಿದಿದ್ದೀನಿ. ಮೂರೂ ಹೆಸರು ಬಂದವು. ಹಲಗೆ ತೆಗೆದೆ. ಕೈ ಹೇಗೆ ನಡುಗುತ್ತಿತ್ತೆಂದರೆ ಸ್ವಿಚ್ಚಿನ ಹಿಡಿ ಕಟಕಟ ಸದ್ದು ಮಾಡುತ್ತಿತ್ತು.

'ನಡುಗ್ತಿದೆ ಸರ್.'

'ನಡುಗ್ಲಿ ಬಿಡು. ಅದಕ್ಕೇನು ಸಂಬಳ ಕೊಡ್ಬೇಕಾ?'

ತಿರುಗಿಸಿದೆ. ಕೆಂಪು ದೀಪ. ಗಂಟೆಗಾಗಿ ಕಾದೆ. ಊದುಗೊಳವೆಯ ಉಸಿರು ಒಂದು, ಎರಡು, ಮೂರು. ಗಂಟೆ ಹೊಡೆಯಲಿಲ್ಲ. ತಿರುಗಿ ನೋಡಿದರೆ ಅವರೂ ಊದುತ್ತಿದ್ದರು, ನನಗಿಂತ ಜೋರಾಗಿ.

ಗಡುವು ದಾಟಿದೆ. ಕೆಲಸ ಉಳಿಯಿತು. ಆದರೆ ಒಂಬತ್ತನೆಯದು ನನ್ನನ್ನು ಬಿಡಲಿಲ್ಲ. ಷಣ್ಮುಖನಿಗೆ ಹೇಳಿಕಳಿಸಿದೆ, ಬನ್ನಿ ಎಂದ. ಅವರನ್ನೂ ಎಳೆದುಕೊಂಡು ಹೋದೆ. ಷಣ್ಮುಖನ ಮನೆ ಕಂಡದ್ದೇ ಅವರ ಕಾಲು ನಿಂತವು. ಅಂಗಳದ ಬೇಲಿಯ ಬಾಗಿಲು, ದಣಪೆಯ ಆಚೆಗೇ ಛತ್ರಿ ಊರಿಕೊಂಡು, 'ನೀ ಹೋಗಿ ಬಾ. ನಾ ಇಲ್ಲೇ ಇರ್ತೀನಿ' ಎಂದರು.

ಒಳಗೆ ಷಣ್ಮುಖ ಮಡಚಿದ ತೋಳಿನ ಅಂಗಿಯಲ್ಲಿ ಕೂತಿದ್ದ. ನಾನು ಬರೆದದ್ದನ್ನು ಓದಿದೆ, ಕೇಳಲಿಲ್ಲ ಎಂಬ ಸಾಲನ್ನೂ ಓದಿದೆ. ಅವನು ಎಡಗೈಯಿಂದ ಆ ಮಡಚಿದ ತೋಳು ಸರಿಮಾಡಿಕೊಂಡು, 'ಪ್ಲೇಯರ್ ಬಿಟ್ಟು ಬಂದಿದ್ದು ನಾನೇ ಅಲ್ವಾ ಅಕ್ಕ' ಎಂದ. ಅವನ ತಾಯಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಳಬಾಗಿಲಲ್ಲಿ ನಿಂತು, 'ಆಗಿದ್ದು ಆಯ್ತು. ನಮ್ಮನೆ ಬಾಗ್ಲಿಗೆ ಬರಕ್ಕೆ ನಿಂಗೆ ನಾಕ್ ತಿಂಗ್ಳು ಬೇಕಾಯ್ತನೇ?' ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕಾಫಿ ತಂದಿಟ್ಟಳು.

ಬಸ್ಸಿನಲ್ಲಿ ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಅರ್ಧ ದಾರಿಯಲ್ಲಿ, ಕಿಟಕಿಗೇ ಹೇಳುವ ಹಾಗೆ ಹೇಳಿದರು.

'ನಾ ಎರಡನೇ ಸಲ ಕೊಟ್ಟಿದ್ದೆ.'

ನನಗೆ ಒಮ್ಮೆಗೇ ತಿಳಿಯಲಿಲ್ಲ.

'ಸಾಗರದ ಕಡೆ ಇದ್ದಾಗ. ಆವಾಗ ಗುಡ್ಡದ ಮೇಲಿನ ಫೋನೂ ಇಲ್ಲ, ಸೈಕಲ್ಲಲ್ಲಿ ಬಂದು ಹೇಳ್ತಿದ್ರು. ಇಳ್ದ ಅಂದ್ರು, ಕೊಟ್ಟೆ. ಬಿತ್ತು. ಕಡ್ಡಿ ಇರ್ಬೇಕು ಅಂತ ಇನ್ನೊಂದ್ಸಲ ಕೊಟ್ಟೆ. ನನ್ನ ಕೈ ಹಿಡಿಯಕ್ಕೆ ಯಾರೂ ಇರ್ಲಿಲ್ಲ.'

ಸತ್ತವನ ಮನೆ ಕೆಳದಿಯಿಂದ ಒಂದು ಮೈಲಿಯಂತೆ. ಆಮೇಲೆ ಪ್ರತಿ ವರ್ಷ ಆ ದಿನ, ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಬಸ್ಸು ಹತ್ತಿ ಕೆಳದಿಯಲ್ಲಿ ಇಳಿಯುವುದು. ಕೈಮುಗಿಯುವುದು. ಆ ಒಂದು ಮೈಲಿ ನಡೆಯಲಾಗದೆ ಮುಂದಿನ ಬಸ್ಸಿಗೆ ವಾಪಸ್ ಬರುವುದು. ಇಪ್ಪತ್ತೇಳು ವರ್ಷ. ನಮ್ಮ ಸ್ಟೇಷನ್ನಿಗೆ ಹತ್ತು ನಿಮಿಷ ಮುಂಚೆ ಬರುತ್ತಿದ್ದದ್ದು ನನ್ನ ಹುಳುಕು ಹುಡುಕುವುದಕ್ಕಲ್ಲ ಎಂದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ. ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು. ನನ್ನನ್ನು ಹತ್ತು ಮೆಟ್ಟಿಲು ಹತ್ತಿಸಿದ ಮನುಷ್ಯ ತಾನು ದಣಪೆಯ ಆಚೆಗೇ ನಿಂತುಬಿಡುವುದೇ?

ಷಣ್ಮುಖನ ತಾಯಿ ಅಂದದ್ದನ್ನು ಅವರಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವರು ತಮ್ಮ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದುಹೋದರು. ಅತಿಯಾಯಿತೇನೋ ಎಂದು ನಾನು ನಾಲ್ಕು ದಿನ ಒದ್ದಾಡಿದೆ.

ಮುಂದಿನ ತಿಂಗಳು ನಿವೃತ್ತರಾದರು. ಹಾರ ಹಾಕಿಸಿಕೊಳ್ಳುವಾಗಲೂ ಪ್ಯಾನೆಲ್ ಕಡೆಯೇ ಮುಖ ಮಾಡಿ ನಿಂತಿದ್ದರಿಂದ ಫೋಟೋದಲ್ಲಿ ಅವರ ಒಂದೇ ಕೆನ್ನೆ ಬಂದಿದೆ. ಸ್ಟೇಷನ್ನಿನಿಂದ ನಾಲ್ಕು ಕಿಲೋಮೀಟರ್ ದೂರದಲ್ಲೇ ಅವರ ಮನೆ. ಆದರೂ ಈ ಕಡೆ ಬರಲಿಲ್ಲ. ಒಂದು ಮಧ್ಯಾಹ್ನ ಸ್ಟೇಷನ್ನಿನ ಫೋನ್ ಬಡಿದುಕೊಂಡಿತು. ಎರಡನೇ ಸಲಕ್ಕೆ ಮೊದಲೇ ಎತ್ತಿದೆ. ಅತ್ತ ಕಡೆಯವರು ಮೊದಲು ತಮ್ಮ ಹೆಸರು ಹೇಳಿದರು. ಆ ದನಿಗೆ ಹೆಸರು ಬೇಕಿರಲಿಲ್ಲ.

'ಆ ಹಾಳೆ ಗಾಜಿನ ಕೆಳಗೇ ಇದ್ಯಾ?'

'ಇದೆ ಸರ್. ಎಲ್ಲಿದ್ದೀರಿ?'

'ಕೆಳದಿ. ಬಸ್‌ಸ್ಟ್ಯಾಂಡಲ್ಲಿ. ಒಂಬತ್ತನೇದಕ್ಕೆ ಟಿಕ್ ಹಾಕು.'

'ಒಳಗೆ ಹೋದ್ರಾ? ಎಂತ ಅಂದ್ರು?'

'ಅವ್ನ ಹೆಂಡ್ತಿ ಇದಾಳೆ, ತಲೆ ಪೂರ್ತಿ ಬೆಳ್ಳಗಾಗಿದೆ. ಎಲ್ಲ ಹೇಳಿದೆ. ಕೇಳ್ಕಂಡ್ಲು. ಎಂತದೂ ಅನ್ಲಿಲ್ಲ.' ಆಮೇಲೆ, 'ಹೊರಡುವಾಗ ಮಜ್ಜಿಗೆ ಕೊಟ್ಲು. ಬಸ್ ಬಂತು, ಇಡ್ತೀನಿ' ಎಂದರು.

ನನ್ನ ಹತ್ತಿರ ಕೆಂಪು ಪೆನ್ನು ಇರಲಿಲ್ಲ. ನೀಲಿಯಲ್ಲೇ ಹಾಕಿದೆ.

ಅವರು ಹೋದ ಆಷಾಢದ ಆ ದಿನ ಬೆಳಗ್ಗೆಯಿಂದ ಗಾಳಿ. ಎಂಟು ಗಂಟೆಗೆ ಮೂರನೇ ಲೈನಿನ ಮೇಲೆ ಮರ ಬಿತ್ತು. ಒಂಬತ್ತಕ್ಕೆ ಸುದ್ದಿ ಬಂತು: ತಿಂಡಿ ತಿನ್ನುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹೃದಯ. ಅವರ ಮನೆ ಇರುವುದು ಅದೇ ಮೂರನೇ ಲೈನಿನಲ್ಲಿ. ನಾನು ಪಾಳಿ ಬಿಟ್ಟು ಏಳುವಂತಿರಲಿಲ್ಲ. ಬದಲಿಗೆ ಬರಬೇಕಾದವರು ರಸ್ತೆಯಲ್ಲಿ ಮರದ ಆಚೆ ಸಿಕ್ಕಿಬಿದ್ದಿದ್ದರು.

ಫೋನು ಒಂದೇ ಸಮ ಬಡಿದುಕೊಂಡಿತು. ಅವರ ಭಾವಮೈದುನ ಎರಡು ಸಲ ಮಾಡಿದರು. ಬೋರಿಗೆ ಕರೆಂಟಿಲ್ಲ, ಮೀಯಿಸಲು ನೀರಿಲ್ಲ, ಮನೆ ತುಂಬ ಜನ. ಮೇಲಿನವರೂ ಮಾಡಿದರು. 'ಏನಮ್ಮಾ, ನಿಮ್ಮ ಗುರುಗಳ ಮನೆಗೇ ಹೀಗಾ?' ಬಲಗೈ ತಣ್ಣಗಾಗುತ್ತಾ ಬಂತು. ಎದ್ದು ಒಂದನೇ ಮೀಟರಿನಿಂದ ಓದತೊಡಗಿದೆ.

ಹನ್ನೊಂದೂವರೆಗೆ ತಿಮ್ಮಪ್ಪ. 'ಆಯ್ತಕ್ಕ. ಎಲ್ರೂ ಇಳ್ದಿದಾರೆ. ಲೈನ್ ಕೊಡಿ.'

'ಹೆಸರು.'

'ಅಕ್ಕ, ನಾನ್ ಕಣ್ಣಾರೆ ನೋಡ್ತಿದೀನಿ. ನಾಕ್ ಜನಾನೂ ಗುಡ್ಡ ಹತ್ಬೇಕಂದ್ರೆ... ಅಲ್ಲಿ ಹೆಣ ಕಾಯ್ತಾ ಇದೆ. ಇವತ್ತೊಂದಿನ...'

ಸ್ವಿಚ್ಚಿನ ಎದುರೇ ನಿಂತಿದ್ದೆ. ಕೊಟ್ಟುಬಿಡು ಎಂದು ಮನಸ್ಸು ಹೇಳಿತು. ಅವರ ಮನೆಗೆ ನೀರು ಬೇಗ ಏರಿಸಬಾರದೆ? ಅವರಿಗಾಗಿಯಾದರೂ?

'ಇವತ್ತೇ ಬೇಕು ತಿಮ್ಮಪ್ಪ. ಎಲ್ಲಾರೂ ಹತ್ತಿ ಬರ್ಲಿ. ಕಾಯ್ತೀನಿ.'

ಹನ್ನೊಂದು ನಿಮಿಷ ಕಾದೆ. ಆ ನಡುವೆ ಇನ್ನೊಂದು ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಕೊನೆಗೆ ಗಾಳಿಯ ಸದ್ದಿನ ನಡುವೆ ಏದುಸಿರು ಬಿಡುತ್ತಾ ಒಬ್ಬೊಬ್ಬರಾಗಿ ಬಂದರು. ನಾನು ತಿಮ್ಮಪ್ಪ, ಗುಡ್ಡದ ಮೇಲಿದೀನಿ. ನಾನು ರವಿ, ಇಳ್ದಿದೀನಿ. ನಾನು ಮಂಜುನಾಥ, ಇಳ್ದಿದೀನಿ. ನಾನು ಚಂದ್ರ, ಇಳ್ದಿದೀನಿ. ಬರೆದುಕೊಂಡೆ. ತನ್ನನ್ನು ಬಿಟ್ಟು ಕೆಳಗೆ ನಾಲ್ಕು ಜನ ಎಂದಿದ್ದ ತಿಮ್ಮಪ್ಪ. ಇನ್ನೊಂದು ಹೆಸರು ಬರಬೇಕು. ಫೋನಿನಲ್ಲಿ ಬರೀ ಗಾಳಿ.

'ಇನ್ನೊಬ್ಬರು ಯಾರು? ತಿಮ್ಮಪ್ಪ, ಇನ್ನೊಬ್ಬರು ಎಲ್ಲಿ?'

ಫೋನ್ ಕೈಯಿಂದ ಕೈಗೆ ಹೋದ ಸದ್ದು. ಅಪಘಾತದ ನಂತರ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದ್ದ ಒಬ್ಬನಿದ್ದ. ಅವನು ಅವತ್ತು ಯಾರೂ ಕರೆಯದೆ, ಆಪರೇಟ್ರ ಮನೆಯ ಲೈನು ಎಂದು ಕೊಂಬೆ ಎಳೆಯಲು ಹೋಗಿದ್ದನೆಂದು ನನಗೆ ಗೊತ್ತಿರಲಿಲ್ಲ.

'ನಾನು ಷಣ್ಮುಖ,' ಎಂದಿತು ಆ ದನಿ. 'ಇಳ್ದಿದೀನಿ ಅಕ್ಕ. ಕೊಡಿ.'

ಹಲಗೆ ತೆಗೆದೆ. ಕೈ ನಡುಗುತ್ತಿತ್ತು. ಕೊಟ್ಟೆ.